ಆಡಿಯೊ ಫೈಲ್ ತೆರೆಯದಿದ್ದಾಗ: ಅಳಿಸುವ ಮೊದಲು ಮಾಡಬೇಕಾದ ಪರಿಶೀಲನೆ

ಎರಡು ವರ್ಷಗಳ ಹಿಂದೆ ನಮ್ಮ ಸೋದರತ್ತೆ ಹಾಡುತ್ತಿದ್ದ ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ನಲವತ್ತು ನಿಮಿಷವಾಗುವ ಹೊತ್ತಿಗೆ ಬ್ಯಾಟರಿ ಮುಗಿದು ಫೋನ್ ಆರಿಹೋಯಿತು. ಚಾರ್ಜಿಗೆ ಹಾಕಿ ಮತ್ತೆ ನೋಡಿದಾಗ ಫೈಲ್ ಮ್ಯಾನೇಜರಿನಲ್ಲಿ ಫೈಲ್ ಇತ್ತು, ಅದರ ಗಾತ್ರ 211 ಎಂಬಿ ಎಂದೂ ಬರೆದಿತ್ತು. ಆದರೆ ಮುಟ್ಟಿದರೆ ಅವಧಿ 00:00 ಎಂದು ತೋರಿಸಿ, ಪ್ಲೇ ಮಾಡಲಾಗುವುದಿಲ್ಲ ಎಂಬ ಸೂಚನೆಯೊಂದಿಗೆ ಮುಚ್ಚಿಕೊಳ್ಳುತ್ತಿತ್ತು. ಕೆಟ್ಟ ಫೈಲನ್ನು ಇಟ್ಟುಕೊಂಡು ಏನು ಮಾಡುತ್ತೀ, ಅಳಿಸಿ ಜಾಗ ಖಾಲಿ ಮಾಡು ಎಂದು ಮನೆಯಲ್ಲಿ ಸಲಹೆ ಬಂತು. ಅಳಿಸಲಿಲ್ಲ. ಹಾಡು ಪೂರ್ತಿಯಾಗಿ ಅದರೊಳಗೇ ಇತ್ತು. ಅದನ್ನು ಹೊರತೆಗೆದ ಬಗೆಯನ್ನು ಮುಂದೆ ಹೇಳುತ್ತೇನೆ.

ಅಲ್ಲಿಂದೀಚೆಗೆ ನೆಂಟರಿಷ್ಟರ ಫೋನುಗಳಲ್ಲಿ ಇಂಥ ತೊಂದರೆ ಬಂದಾಗಲೆಲ್ಲ ಕುಳಿತು ನೋಡಿದ್ದೇನೆ. ‘ಕೆಟ್ಟಿದೆ’ ಎಂದು ನನ್ನ ಕೈಗೆ ಬಂದ ಫೈಲುಗಳಲ್ಲಿ ಹೆಚ್ಚಿನವು ಕೆಟ್ಟಿರಲಿಲ್ಲ. ಆದ್ದರಿಂದ ಈ ಲೇಖನದಲ್ಲಿ, ಆಂಡ್ರಾಯ್ಡ್ ಫೋನಿನ ಫೈಲ್ ಮ್ಯಾನೇಜರ್ ಮತ್ತು ವಿಂಡೋಸ್ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರ್ ಎರಡನ್ನೂ ಮುಂದಿಟ್ಟುಕೊಂಡು, ದೋಷ ಎಲ್ಲಿದೆ ಎಂದು ಗುರುತಿಸುವ ಕ್ರಮವನ್ನು ವಿವರಿಸಿದ್ದೇನೆ. ಕ್ರಮ ಮುಖ್ಯ. ನಾಲ್ಕನೆಯ ಹೆಜ್ಜೆಯನ್ನು ಮೊದಲು ಇಟ್ಟರೆ, ಉಳಿಯಬಹುದಾಗಿದ್ದ ಧ್ವನಿಯೂ ಹೋಗಬಹುದು.

ಫೈಲ್ ಮ್ಯಾನೇಜರ್ ನಿಜವಾಗಿ ಮಾಡುವ ಕೆಲಸ

ಫೈಲ್ ಮ್ಯಾನೇಜರ್ ಸಾಮಾನ್ಯವಾಗಿ ಹಾಡನ್ನು ತಾನೇ ನುಡಿಸುವುದಿಲ್ಲ. ನೀವು ಒಂದು ಫೈಲನ್ನು ಮುಟ್ಟಿದಾಗ ಅದು ಹೆಸರಿನ ಕೊನೆಯಲ್ಲಿರುವ ಬಾಲವನ್ನು, ಅಂದರೆ ಚುಕ್ಕೆಯ ನಂತರದ ಎಂಪಿ3, ಡಬ್ಲ್ಯೂಎವಿ, ಎಂ4ಎ, ಓಪಸ್ ಮುಂತಾದ ಎಕ್ಸ್‌ಟೆನ್ಶನ್ನನ್ನು ನೋಡಿ, ಇದು ಇಂಥ ಬಗೆಯ ಫೈಲ್ ಎಂದು ಊಹಿಸಿ, ಆ ಬಗೆಯನ್ನು ತೆರೆಯಬಲ್ಲೆ ಎಂದು ಹೇಳಿಕೊಂಡಿರುವ ಆ್ಯಪ್‌ಗೆ ದಾಟಿಸುತ್ತದೆ. ಕೆಲವು ಫೈಲ್ ಮ್ಯಾನೇಜರುಗಳಲ್ಲಿ ಚಿಕ್ಕದೊಂದು ಪ್ಲೇಯರ್ ಒಳಗೇ ಇರುತ್ತದಾದರೂ, ಅದು ಬಹುಮಟ್ಟಿಗೆ ಫೋನಿನಲ್ಲಿ ಮೊದಲೇ ಇರುವ ಡಿಕೋಡರುಗಳನ್ನೇ, ಅಂದರೆ ಫೈಲಿನ ಸಂಕೇತಗಳನ್ನು ಬಿಡಿಸಿ ಧ್ವನಿಯಾಗಿಸುವ ತಂತ್ರಾಂಶಗಳನ್ನೇ, ನೆಚ್ಚಿಕೊಂಡಿರುತ್ತದೆ. ಆದ್ದರಿಂದ ‘ತೆರೆಯಲಾಗಲಿಲ್ಲ’ ಎಂಬ ಒಂದು ಸೂಚನೆಯ ಹಿಂದೆ ಹಲವು ಕಾರಣಗಳಿರಬಹುದು: ಬಾಲ ತಪ್ಪಾಗಿರಬಹುದು, ಆ್ಯಪ್‌ಗೆ ಆ ಬಗೆ ಗೊತ್ತಿಲ್ಲದಿರಬಹುದು, ಆ ಫೋಲ್ಡರಿಗೆ ಕೈಯಿಡಲು ಅನುಮತಿ ಇಲ್ಲದಿರಬಹುದು, ಇಲ್ಲವೇ ಫೈಲ್ ನಿಜಕ್ಕೂ ಹಾಳಾಗಿರಬಹುದು. ಸೂಚನೆ ಈ ನಾಲ್ಕರ ವ್ಯತ್ಯಾಸವನ್ನು ಹೇಳುವುದಿಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು.

ಮೊದಲ ಹೆಜ್ಜೆ: ನಕಲು ತೆಗೆಯಿರಿ

ಬೇರೇನನ್ನೂ ಮಾಡುವ ಮೊದಲು ಫೈಲಿನ ಒಂದು ನಕಲನ್ನು ಬೇರೆ ಕಡೆಗೆ, ಸಾಧ್ಯವಾದರೆ ಕಂಪ್ಯೂಟರಿಗೆ, ತೆಗೆದಿಡಿ. ಮುಂದಿನ ಎಲ್ಲ ಪ್ರಯೋಗಗಳೂ ನಕಲಿನ ಮೇಲೆ ನಡೆಯಲಿ; ಮೂಲದ ಹೆಸರನ್ನು ಕೂಡ ಬದಲಿಸಬೇಡಿ. ಫೈಲ್ ಮೆಮೊರಿ ಕಾರ್ಡಿನಲ್ಲಿದ್ದರೆ ಆ ಕಾರ್ಡಿಗೆ ಹೊಸದಾಗಿ ಏನನ್ನೂ ರೆಕಾರ್ಡ್ ಮಾಡಬೇಡಿ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಾಗ ‘ಫಾರ್ಮ್ಯಾಟ್ ಮಾಡಬೇಕೆ’ ಎಂದು ಅದು ಕೇಳಿದರೆ, ಬೇಡವೆಂದೇ ಉತ್ತರಿಸಿ. ಪರಿಚಯವಿಲ್ಲದ ‘ರಿಪೇರಿ’ ಆ್ಯಪ್‌ಗಳನ್ನು ಈ ಹಂತದಲ್ಲಿ ದೂರವಿಡಿ, ಏಕೆಂದರೆ ಅವುಗಳಲ್ಲಿ ಕೆಲವು ಮೂಲ ಫೈಲಿನ ಮೇಲೆಯೇ ಬರೆದುಬಿಡುತ್ತವೆ.

ನಕಲು ತೆಗೆಯುವಾಗ ಹಲವರು ಗಾಬರಿಯಾಗುವ ಒಂದು ಸಂಗತಿಯಿದೆ. ಫೋನಿನಲ್ಲಿ 211 ಎಂಬಿ ಎಂದಿದ್ದ ನನ್ನ ಫೈಲ್ ವಿಂಡೋಸ್‌ನಲ್ಲಿ 201 ಎಂಬಿ ಎಂದು ಕಂಡಿತು. ಹತ್ತು ಎಂಬಿ ದಾರಿಯಲ್ಲಿ ಎಲ್ಲಿಯೂ ಬಿದ್ದುಹೋಗಿರಲಿಲ್ಲ. ಇಂದಿನ ಆಂಡ್ರಾಯ್ಡ್ 1 ಎಂಬಿಯನ್ನು 10,00,000 ಬೈಟ್ ಎಂದು ಎಣಿಸಿದರೆ ವಿಂಡೋಸ್ 10,48,576 ಬೈಟ್ ಎಂದು ಎಣಿಸುತ್ತದೆ. ಅನುಮಾನವಿದ್ದರೆ ಎರಡೂ ಕಡೆ ಬೈಟುಗಳ ಪೂರ್ಣ ಸಂಖ್ಯೆಯನ್ನು ಹೋಲಿಸಿ ನೋಡಿ.

ಎರಡನೆಯ ಹೆಜ್ಜೆ: ದೋಷ ಫೈಲಿನದೋ ಆ್ಯಪಿನದೋ

ಇದನ್ನು ತಿಳಿಯಲು ಎರಡು ಪ್ರಶ್ನೆ ಸಾಕು. ಇದೇ ಆ್ಯಪಿನಲ್ಲಿ, ಇದೇ ಬಗೆಯ ಬೇರೊಂದು ಫೈಲ್ ನುಡಿಯುತ್ತದೆಯೇ? ಇದೇ ಫೈಲ್ ಬೇರೊಂದು ಆ್ಯಪಿನಲ್ಲಿ ನುಡಿಯುತ್ತದೆಯೇ? ಎರಡನೆಯ ಪ್ರಶ್ನೆಗೆ ನಾನು ವಿಎಲ್‌ಸಿ ಪ್ಲೇಯರನ್ನು ಬಳಸುತ್ತೇನೆ. 1996ರಲ್ಲಿ ಪ್ಯಾರಿಸ್‌ನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭವಾದ ಈ ಉಚಿತ ತಂತ್ರಾಂಶ ತನ್ನ ಡಿಕೋಡರುಗಳನ್ನು ತನ್ನೊಳಗೇ ಹೊತ್ತು ತಿರುಗುತ್ತದೆ. ಫೋನಿಗೆ ಅಥವಾ ವಿಂಡೋಸ್‌ಗೆ ಗೊತ್ತಿಲ್ಲದ ಬಗೆಯನ್ನೂ ಅದು ಬಹಳ ಸಲ ನುಡಿಸಿಬಿಡುತ್ತದೆ. ವಿಎಲ್‌ಸಿಯಲ್ಲಿ ನುಡಿದರೆ ಫೈಲ್ ಸರಿಯಾಗಿದೆ ಎಂದು ನೆಮ್ಮದಿಯಾಗಿರಬಹುದು. ಅಲ್ಲಿಯೂ ನುಡಿಯದಿದ್ದರೆ ಮುಂದಿನ ಹೆಜ್ಜೆಗಳು ಬೇಕಾಗುತ್ತವೆ.

ಇದರ ಜೊತೆಗೇ, ಏನಾಗುತ್ತಿದೆ ಎಂಬುದನ್ನು ಸರಿಯಾಗಿ ಗಮನಿಸಿ. ಮುಟ್ಟಿದ ಕೂಡಲೇ ದೋಷದ ಸೂಚನೆ ಬರುವುದು ಒಂದು ಸಂಗತಿ. ಸಮಯ ಓಡುತ್ತಿದ್ದು ಧ್ವನಿ ಮಾತ್ರ ಕೇಳಿಸದಿರುವುದು ಇನ್ನೊಂದು. ಸ್ವಲ್ಪ ನುಡಿದು ನಿಂತುಬಿಡುವುದು ಮತ್ತೊಂದು. ಸಮಯ ಓಡುತ್ತಿದ್ದರೆ ಫೈಲ್ ತೆರೆದಿದೆ ಎಂದೇ ಅರ್ಥ, ತೊಂದರೆ ಧ್ವನಿಯ ದಾರಿಯಲ್ಲಿರುತ್ತದೆ. ಫೋನಿನಲ್ಲಿ ರಿಂಗ್‌ಟೋನಿನ ವಾಲ್ಯೂಮ್ ಬೇರೆ, ಮೀಡಿಯಾ ವಾಲ್ಯೂಮ್ ಬೇರೆ. ಎರಡನೆಯದನ್ನು ಏರಿಸಿ ನೋಡಿ. ಪಕ್ಕದ ಕೋಣೆಯಲ್ಲೋ ಕಾರಿನಲ್ಲೋ ಇರುವ ಬ್ಲೂಟೂತ್ ಸ್ಪೀಕರಿಗೆ ಫೋನ್ ತಾನಾಗಿ ಸೇರಿಕೊಂಡಿರುವುದೂ ಉಂಟು, ಆದ್ದರಿಂದ ಬ್ಲೂಟೂತನ್ನು ಒಮ್ಮೆ ಆರಿಸಿ ನೋಡಿ.

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವವರಿಗೆ ಇಲ್ಲಿ ಒಂದು ವಿಶೇಷ ಮಾತು. ಇಯರ್‌ಫೋನಿನಲ್ಲಿ ಕೇಳಿಸುವ ಫೈಲ್ ಫೋನಿನ ಒಂಟಿ ಸ್ಪೀಕರಿನಲ್ಲಿ ಪೂರ್ತಿ ಮೌನವಾಗಿದ್ದರೆ, ಎಡ ಮತ್ತು ಬಲ ಚಾನೆಲುಗಳು ಪರಸ್ಪರ ತಲೆಕೆಳಗಾಗಿ ದಾಖಲಾಗಿರಬಹುದು. ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಹೋಗುವ ಎರಡು ಅಲೆಗಳನ್ನು ಕೂಡಿದರೆ ಮೊತ್ತ ಸೊನ್ನೆಯಾಗುತ್ತದೆ. ಕೇಬಲ್ಲಿನ ತಂತಿಗಳು ಅದಲುಬದಲಾದಾಗ ಹೀಗಾಗುವುದುಂಟು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಬಿಡಿಸಿ, ಒಂದು ಚಾನೆಲನ್ನು ಮಾತ್ರ ‘ಇನ್ವರ್ಟ್’ ಮಾಡಿದರೆ ಧ್ವನಿ ಮರಳುತ್ತದೆ.

ಮೂರನೆಯ ಹೆಜ್ಜೆ: ಗಾತ್ರವನ್ನು ಅವಧಿಯೊಂದಿಗೆ ತಾಳೆ ನೋಡಿ

ಫೈಲಿನ ವಿವರಗಳಲ್ಲಿ ಗಾತ್ರವನ್ನು ನೋಡಿ. ಸೊನ್ನೆ ಬೈಟ್ ಎಂದಿದ್ದರೆ ಒಳಗೆ ಏನೂ ಇಲ್ಲ. ಕಳಿಸಿದವರಿಂದ ಮತ್ತೆ ತರಿಸಿಕೊಳ್ಳುವುದೇ ದಾರಿ. ಸೊನ್ನೆಯಲ್ಲದಿದ್ದರೆ ಒಂದು ಸಣ್ಣ ಲೆಕ್ಕ ಬಹಳ ಹೇಳುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಫೈಲ್ ನಿಮಿಷಕ್ಕೆ ಸುಮಾರು 1 ಎಂಬಿ ತೆಗೆದುಕೊಳ್ಳುತ್ತದೆ. ಸಿ.ಡಿ. ಗುಣಮಟ್ಟದ, ಅಂದರೆ ಸೆಕೆಂಡಿಗೆ 44,100 ಮಾದರಿಗಳ (ಧ್ವನಿಯ ಅಲೆಯ ಅಳತೆಗಳ) 16 ಬಿಟ್ ಸ್ಟೀರಿಯೊ ಡಬ್ಲ್ಯೂಎವಿ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತದೆ. ಒಂದೇ ಚಾನೆಲ್ ಆದರೆ ಅದರ ಅರ್ಧ. ಹಳೆಯ ಫೋನುಗಳು ಕರೆಗಳನ್ನು ದಾಖಲಿಸುತ್ತಿದ್ದ ಎಎಂಆರ್ ಬಗೆಗೆ ನಿಮಿಷಕ್ಕೆ 100 ಕೆಬಿಯೂ ಬೇಕಿಲ್ಲ.

ಹೀಗಾಗಿ ಒಂದು ಗಂಟೆಯ ಉಪನ್ಯಾಸವೆಂದು ಬಂದ ಎಂಪಿ3 ಫೈಲ್ 3 ಎಂಬಿ ಮಾತ್ರ ಇದ್ದರೆ, ಅದು ಅರ್ಧದಲ್ಲಿ ನಿಂತ ಡೌನ್‌ಲೋಡ್ ಇರಬೇಕು ಎಂದು ಊಹಿಸಬಹುದು. ಹೆಸರಿನ ಕೊನೆಯಲ್ಲಿ ಸಿಆರ್‌ಡೌನ್‌ಲೋಡ್ ಎಂದಿದ್ದರೆ ಅದು ಕ್ರೋಮ್ ಬ್ರೌಸರ್ ಅರ್ಧಕ್ಕೆ ಬಿಟ್ಟದ್ದು, ಪಾರ್ಟ್ ಎಂದಿದ್ದರೆ ಫೈರ್‌ಫಾಕ್ಸ್ ಬಿಟ್ಟದ್ದು. ಆ ಬಾಲವನ್ನು ಕತ್ತರಿಸಿದ ಮಾತ್ರಕ್ಕೆ ಉಳಿದರ್ಧ ಬರುವುದಿಲ್ಲ. ನನ್ನ ಸೋಬಾನೆಯ ಫೈಲಿನಲ್ಲಿ ಈ ಲೆಕ್ಕವೇ ಮೊದಲ ಧೈರ್ಯ ಕೊಟ್ಟಿತು. ಒಂದೇ ಚಾನೆಲಿನ ಡಬ್ಲ್ಯೂಎವಿ ಸೆಕೆಂಡಿಗೆ 88,200 ಬೈಟ್ ಬರೆಯುತ್ತದೆ. ನಲವತ್ತು ನಿಮಿಷಕ್ಕೆ 21 ಕೋಟಿ 16 ಲಕ್ಷ ಬೈಟುಗಳಾಗುತ್ತವೆ. ಫೈಲಿನ ಗಾತ್ರವೂ ಅಷ್ಟೇ ಇತ್ತು. ಅಂದರೆ ಅತ್ತೆಯ ಧ್ವನಿ ಕೊನೆಯವರೆಗೂ ಫೋನಿಗೆ ಇಳಿದಿತ್ತು.

ವಿಂಡೋಸ್‌ನಲ್ಲಿ ಗಾತ್ರ ಸರಿಯಾಗಿ ಕಂಡರೂ ಫೈಲಿನ ಪಕ್ಕದಲ್ಲಿ ಮೋಡದ ಚಿಹ್ನೆ ಇದ್ದರೆ, ಅದು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿದೆಯೇ ಹೊರತು ನಿಮ್ಮ ಕಂಪ್ಯೂಟರಿನಲ್ಲಿಲ್ಲ. ಇಂಟರ್ನೆಟ್ ಇರುವಾಗ ಅದನ್ನು ಕೆಳಗಿಳಿಸಿಕೊಳ್ಳಬೇಕು. ಜಿಪ್ ಫೈಲಿನೊಳಗೆ ಇಣುಕಿ ಅಲ್ಲಿಂದಲೇ ಹಾಡನ್ನು ತೆರೆಯಲು ಹೋಗುವುದೂ ಸಾಮಾನ್ಯ ತಪ್ಪು; ಮೊದಲು ಹೊರಗೆ ಬಿಡಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಹೆಸರು ಹೇಳುವುದೂ ಒಳಗಿರುವುದೂ ಒಂದೇ ಆಗಿದೆಯೇ

ಎಂ4ಎ ಫೈಲಿನ ಬಾಲವನ್ನು ಎಂಪಿ3 ಎಂದು ತಿದ್ದಿದರೆ ಅದು ಎಂಪಿ3 ಆಗುವುದಿಲ್ಲ. ಡಬ್ಬಿಯ ಮೇಲಿನ ಚೀಟಿ ಬದಲಾಯಿತೇ ಹೊರತು ಒಳಗಿನ ಸರಕು ಬದಲಾಗಲಿಲ್ಲ. ಆದರೆ ಚೀಟಿ ಮೊದಲೇ ತಪ್ಪಾಗಿದ್ದರೆ, ಅದನ್ನು ಸರಿಪಡಿಸುವುದರಿಂದ ಫೈಲ್ ತೆರೆಯುವುದುಂಟು. ಆದ್ದರಿಂದ ಒಳಗೇನಿದೆ ಎಂದು ಮೊದಲು ತಿಳಿಯಬೇಕು.

ವಿಂಡೋಸ್ ಮೂಲತಃ ಬಾಲವನ್ನು ಮರೆಮಾಡಿರುತ್ತದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಶೋ’ ಎಂಬುದನ್ನು ಆರಿಸಿ, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಗುರುತು ಹಾಕಿ. ಅದಾದ ಮೇಲೆ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆದರೆ, ಹೆಸರು ಏನೇ ಇರಲಿ, ಒಳಗಿನ ಬಗೆ, ಅವಧಿ, ಚಾನೆಲುಗಳ ಸಂಖ್ಯೆ ಎಲ್ಲವನ್ನೂ ಅದು ಹೇಳುತ್ತದೆ. ಅದು ಕೈಗೆ ಸಿಗದಿದ್ದರೆ, ಫೈಲಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನಕಲನ್ನು ತೆರೆದು ಮೊದಲ ಕೆಲವು ಅಕ್ಷರಗಳನ್ನು ಓದಬಹುದು, ಏಕೆಂದರೆ ಪ್ರತಿಯೊಂದು ಬಗೆಗೂ ತನ್ನದೇ ಆದ ಮುದ್ರೆಯಿದೆ. ಡಬ್ಲ್ಯೂಎವಿ ಫೈಲ್ ಆರ್-ಐ-ಎಫ್-ಎಫ್ ಎಂಬ ನಾಲ್ಕು ಅಕ್ಷರಗಳಿಂದ ಶುರುವಾಗುತ್ತದೆ. ಓಪಸ್ ಫೈಲ್ ಓ-ಜಿ-ಜಿ-ಎಸ್ ಎಂದು, ಫ್ಲ್ಯಾಕ್ ಫೈಲ್ ತನ್ನ ಹೆಸರಿನಿಂದಲೇ, ಎಂಪಿ3 ಬಹುಮಟ್ಟಿಗೆ ಐ-ಡಿ-3 ಎಂದು ಆರಂಭವಾಗುತ್ತವೆ. ಎಂ4ಎಯಲ್ಲಿ ಮೊದಲ ನಾಲ್ಕು ಬೈಟುಗಳ ನಂತರ ಎಫ್-ಟಿ-ವೈ-ಪಿ ಎಂದಿರುತ್ತದೆ. ಎಂಪಿ3 ಎಂಬ ಹೆಸರಿನ ಫೈಲಿನ ಆರಂಭದಲ್ಲಿ ಎಚ್‌ಟಿಎಂಎಲ್ ಎಂಬ ಅಕ್ಷರಗಳು ಕಂಡರೆ, ಹಾಡಿನ ಬದಲು ಒಂದು ವೆಬ್ ಪುಟ, ಬಹುಶಃ ಲಾಗಿನ್ ಆಗಿರೆಂದು ಕೇಳುವ ಪುಟ, ಡೌನ್‌ಲೋಡ್ ಆಗಿದೆ ಎಂದು ತಿಳಿಯಿರಿ. ಅಂಥ ಫೈಲಿನ ಗಾತ್ರ ಸಾಮಾನ್ಯವಾಗಿ ಕೆಲವೇ ಕೆಬಿ ಇರುತ್ತದೆ.

ಧ್ವನಿಯೇ ಇಲ್ಲದ ‘ಆಡಿಯೊ’ ಫೈಲುಗಳೂ ಇವೆ. ಎಂ3ಯು ಎಂಬುದು ಹಾಡುಗಳ ವಿಳಾಸಪಟ್ಟಿ ಮಾತ್ರ. ಹಾಡುಗಳು ಜಾಗ ಬದಲಿಸಿದರೆ ಅದು ಕೆಲಸಕ್ಕೆ ಬಾರದು. ಮಿಡಿ ಫೈಲಿನಲ್ಲಿರುವುದು ಸ್ವರಗಳ ಸೂಚನೆಗಳೇ ಹೊರತು ಧ್ವನಿಯಲ್ಲ.

ವಾಟ್ಸ್ಆ್ಯಪ್ ಧ್ವನಿ ಸಂದೇಶಗಳು ಮತ್ತು ಇತರ ಅಪರಿಚಿತ ಬಗೆಗಳು

ನನ್ನ ಬಳಿಗೆ ಬರುವ ದೂರುಗಳಲ್ಲಿ ವಾಟ್ಸ್ಆ್ಯಪ್ ಧ್ವನಿ ಸಂದೇಶಗಳ ಪಾಲು ದೊಡ್ಡದು. ಸಂದೇಶವನ್ನು ವಾಟ್ಸ್ಆ್ಯಪ್‌ನಲ್ಲಿಯೇ ಕೇಳಿದರೆ ಸರಿಯಾಗಿರುತ್ತದೆ, ಫೈಲ್ ಮ್ಯಾನೇಜರಿನಿಂದ ತೆರೆದರೆ ಆಗುವುದಿಲ್ಲ. ಇವು ಪಿಟಿಟಿ ಎಂಬ ಅಕ್ಷರಗಳಿಂದ ಶುರುವಾಗಿ, ದಿನಾಂಕ ಹೊತ್ತು, ಓಪಸ್ ಎಂಬ ಬಾಲದೊಂದಿಗೆ ಮುಗಿಯುವ ಫೈಲುಗಳು. ಓಪಸ್ 2012ರಲ್ಲಿ ಅಂತರ್ಜಾಲ ಮಾನದಂಡವಾಗಿ ಒಪ್ಪಿತವಾದ, ಮಾತನ್ನು ಬಹಳ ಕಡಿಮೆ ಜಾಗದಲ್ಲಿ ಸ್ಪಷ್ಟವಾಗಿ ಹಿಡಿದಿಡಬಲ್ಲ ಬಗೆ. ಆಂಡ್ರಾಯ್ಡ್ 5ರಿಂದಲೇ ಅದನ್ನು ನುಡಿಸುವ ಶಕ್ತಿ ಫೋನುಗಳಿಗಿದೆ. ಆದರೆ ಕೆಲವು ಹಳೆಯ ಫೈಲ್ ಮ್ಯಾನೇಜರುಗಳಿಗೆ ಆ ಬಾಲದ ಪರಿಚಯವಿಲ್ಲ. ಓಪಸ್ ಧ್ವನಿ ಓಗ್ ಎಂಬ ಪೆಟ್ಟಿಗೆಯೊಳಗೇ ಕುಳಿತಿರುವುದರಿಂದ, ನಕಲಿನ ಬಾಲವನ್ನು ಓಜಿಜಿ ಎಂದು ಬದಲಿಸಿದರೆ ಅದು ಸುಳ್ಳಾಗುವುದಿಲ್ಲ, ಫೈಲ್ ಹಲವೆಡೆ ತೆರೆದುಕೊಳ್ಳುತ್ತದೆ. ಹೆಸರು ಬದಲಿಸಿ ನುಡಿಸಬಹುದಾದ ಅಪರೂಪದ ಸಂದರ್ಭ ಇದು.

ಆಪಲ್ ಕಂಪ್ಯೂಟರಿನಿಂದ ಬಂದ ಎಂ4ಎ ಫೈಲುಗಳಲ್ಲಿ ಇನ್ನೊಂದು ತೊಡಕಿದೆ. ಎಂ4ಎ ಎಂಬುದು ಪೆಟ್ಟಿಗೆಯ ಹೆಸರು. ಒಳಗೆ ಎಎಸಿ ಇರಬಹುದು, ಆಪಲ್ ಲಾಸ್‌ಲೆಸ್ ಕೂಡ ಇರಬಹುದು. ಆಂಡ್ರಾಯ್ಡ್ ಮೂಲತಃ ನುಡಿಸುವ ಬಗೆಗಳ ಪಟ್ಟಿಯಲ್ಲಿ ಮೊದಲನೆಯದಿದೆ, ಎರಡನೆಯದಿಲ್ಲ. ಹಾಗಾಗಿ ಒಂದೇ ಫೋಲ್ಡರಿನ ಒಂದೇ ಬಾಲದ ಎರಡು ಫೈಲುಗಳಲ್ಲಿ ಒಂದು ನುಡಿದು ಇನ್ನೊಂದು ನುಡಿಯದಿರುವುದು ಸಾಧ್ಯ. ಮೈಕ್ರೋಸಾಫ್ಟ್‌ನ ಬಗೆಯಾದ ಡಬ್ಲ್ಯೂಎಂಎ ಫೈಲುಗಳ ಕಥೆಯೂ ಹೀಗೆಯೇ. ಈ ಎರಡಕ್ಕೂ ವಿಎಲ್‌ಸಿ ಸಾಕು. ಆದರೆ ಹಣ ಕೊಟ್ಟು ಪಡೆದು ಬೀಗ ಹಾಕಿಸಿಕೊಂಡ ಫೈಲುಗಳನ್ನು, ಅಂದರೆ ಸಂಗೀತ ಸೇವೆಗಳ ಆ್ಯಪ್ ತನ್ನೊಳಗೆ ಇಳಿಸಿಟ್ಟುಕೊಂಡ ಹಾಡುಗಳನ್ನು, ಆ ಆ್ಯಪ್ ಹೊರತು ಬೇರೆ ಯಾವುದೂ ತೆರೆಯಲಾರದು. ಅದು ದೋಷವಲ್ಲ, ವ್ಯವಸ್ಥೆ.

ಬೇರೆ ಬಗೆಗೆ ಪರಿವರ್ತಿಸಲೇಬೇಕೆಂದಿದ್ದರೆ ಕಂಪ್ಯೂಟರಿನ ವಿಎಲ್‌ಸಿಯಲ್ಲಿರುವ ‘ಕನ್ವರ್ಟ್’ ಸೌಲಭ್ಯವನ್ನೋ ಆಡಾಸಿಟಿಯನ್ನೋ ಬಳಸಿ. ಹಂಚಲು ಎಂಪಿ3 ಚೆನ್ನ, ಅದು ಎಲ್ಲ ಕಡೆ ನುಡಿಯುತ್ತದೆ. ಕಾಪಿಡಲು ಮಾತ್ರ ಮೂಲ ಫೈಲನ್ನೇ ಇಟ್ಟುಕೊಳ್ಳಿ, ಏಕೆಂದರೆ ಎಂಪಿ3ಗೆ ಹೋದ ಪ್ರತಿ ಸಲವೂ ಧ್ವನಿಯ ಸ್ವಲ್ಪ ಭಾಗ ಮರಳಿ ಬಾರದಂತೆ ಹೋಗುತ್ತದೆ. ಜಾಗ ಉಳಿಸಬೇಕಾದರೆ, ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಇದೆ.

ಐದನೆಯ ಹೆಜ್ಜೆ: ಅನುಮತಿ, ಪೂರ್ವನಿಗದಿತ ಆ್ಯಪ್, ಫೋಲ್ಡರ್

ಫೈಲ್ ಸರಿಯಿದ್ದು, ಬೇರೆ ಆ್ಯಪಿನಲ್ಲಿ ನುಡಿದು, ನಿಮಗೆ ಬೇಕಾದ ಆ್ಯಪಿನಲ್ಲಿ ಮಾತ್ರ ನುಡಿಯದಿದ್ದರೆ ಅನುಮತಿಯನ್ನು ನೋಡಿ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಚಿತ್ರ, ವಿಡಿಯೊ ಮತ್ತು ಆಡಿಯೊಗಳಿಗೆ ಬೇರೆ ಬೇರೆ ಅನುಮತಿಗಳಿವೆ. ಫೋಟೊಗಳಿಗೆ ಒಪ್ಪಿಗೆ ಕೊಟ್ಟು ಆಡಿಯೊಗೆ ನಿರಾಕರಿಸಿದ್ದರೆ ಆ್ಯಪ್‌ಗೆ ಹಾಡುಗಳು ಕಾಣುವುದಿಲ್ಲ. ತಿಂಗಳುಗಟ್ಟಲೆ ಬಳಸದ ಆ್ಯಪ್‌ನ ಅನುಮತಿಗಳನ್ನು ಆಂಡ್ರಾಯ್ಡ್ ತಾನಾಗಿ ಹಿಂಪಡೆಯುವುದೂ ಉಂಟು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ಹೆಸರನ್ನು ಹುಡುಕಿ, ಅನುಮತಿಗಳ ಪುಟದಲ್ಲಿ ಸಂಗೀತ ಮತ್ತು ಆಡಿಯೊ ಎಂಬುದಕ್ಕೆ ಒಪ್ಪಿಗೆ ಕೊಡಿ.

ಹಾಡನ್ನು ಮುಟ್ಟಿದರೆ ಸಂಬಂಧವೇ ಇಲ್ಲದ ಆ್ಯಪ್ ತೆರೆದುಕೊಳ್ಳುತ್ತಿದ್ದರೆ, ಹಿಂದೆಂದೋ ‘ಯಾವಾಗಲೂ’ ಎಂಬ ಗುಂಡಿಯನ್ನು ಒತ್ತಿರುತ್ತೀರಿ. ಆ ತಪ್ಪು ಆ್ಯಪ್‌ನ ಸೆಟ್ಟಿಂಗ್ಸ್ ಪುಟದಲ್ಲಿ ‘ಪೂರ್ವನಿಯೋಜಿತವಾಗಿ ತೆರೆ’ ಎಂಬ ಅರ್ಥದ ಸಾಲಿಗೆ ಹೋಗಿ ಆಯ್ಕೆಯನ್ನು ಅಳಿಸಿದರೆ, ಮುಂದಿನ ಸಲ ಯಾವ ಆ್ಯಪ್ ಎಂದು ಫೋನ್ ಮತ್ತೆ ಕೇಳುತ್ತದೆ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಓಪನ್ ವಿತ್’ ಮೂಲಕ ಬೇಕಾದ ಪ್ಲೇಯರನ್ನು ಆರಿಸಿ.

ಫೈಲ್ ಮ್ಯಾನೇಜರಿನಲ್ಲಿ ಕಾಣುವ ಹಾಡು ಸಂಗೀತದ ಆ್ಯಪ್‌ನಲ್ಲಿ ಕಾಣದಿದ್ದರೆ, ಆ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ‘ನೋಮೀಡಿಯಾ’ ಎಂಬ ಖಾಲಿ ಫೈಲ್ ಇದೆಯೇ ನೋಡಿ. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಹಾಕಿದರೆ ಮಾತ್ರ ಅದು ಕಾಣುತ್ತದೆ. ಈ ಫೋಲ್ಡರನ್ನು ಬಿಟ್ಟು ಮುಂದೆ ಹೋಗು ಎಂದು ಫೋನಿನ ಶೋಧಕ್ಕೆ ಹೇಳುವ ಗುರುತು ಅದು. ಅದನ್ನು ಅಳಿಸುವ ಬದಲು ಹಾಡನ್ನೇ ‘ಮ್ಯೂಸಿಕ್’ ಫೋಲ್ಡರಿಗೆ ನಕಲಿಸುವುದು ಒಳ್ಳೆಯದು.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು

ಫೈಲುಗಳಿಗೆ ಕನ್ನಡದಲ್ಲಿ ಹೆಸರಿಡುವವರು ತಿಳಿದಿರಲೇಬೇಕಾದ ಒಂದು ಮಿತಿಯಿದೆ. ಆಂಡ್ರಾಯ್ಡ್ ಫೋನಿನ ಒಳಸಂಗ್ರಹದಲ್ಲಿ ಒಂದು ಫೈಲಿನ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು, ಅಲ್ಲದೆ ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರ ಹಲವು ಚಿಹ್ನೆಗಳಿಂದ ಕೂಡಿರುತ್ತದೆ. ‘ಯಕ್ಷಗಾನ’ ಎಂಬ ಪದದಲ್ಲಿ ನಮಗೆ ನಾಲ್ಕು ಅಕ್ಷರ ಕಂಡರೆ ಕಂಪ್ಯೂಟರಿಗೆ ಏಳು ಚಿಹ್ನೆಗಳಿವೆ: ಯಕಾರ, ಕಕಾರ, ವಿರಾಮ, ಷಕಾರ, ಗಕಾರ, ದೀರ್ಘದ ಗುರುತು, ನಕಾರ. ಒಟ್ಟು 21 ಬೈಟ್. ಹೀಗೆ ಬಾಲವೂ ಸೇರಿ 85 ಚಿಹ್ನೆಗಳೊಳಗೆ ಹೆಸರು ಮುಗಿಯಬೇಕು. ಪ್ರಸಂಗದ ಹೆಸರು, ಭಾಗವತರ ಹೆಸರು, ಊರು, ದಿನಾಂಕ ಎಲ್ಲವನ್ನೂ ಒಂದೇ ಹೆಸರಿನಲ್ಲಿ ತುಂಬಿಸಿದರೆ ಈ ಮಿತಿ ಬೇಗ ದಾಟಿಹೋಗುತ್ತದೆ. ವಿಂಡೋಸ್‌ನಲ್ಲಿ ಬೈಟುಗಳ ಬದಲು ಚಿಹ್ನೆಗಳನ್ನು ಎಣಿಸುವ ಕಾರಣ ಅಲ್ಲಿ ಅದೇ ಹೆಸರು ಸರಿಯಾಗಿ ಕೂರುತ್ತದೆ, ಫೋನಿಗೆ ನಕಲಿಸುವಾಗ ಮಾತ್ರ ವಿಫಲವಾಗುತ್ತದೆ. ಕನ್ನಡದ ಹೆಸರನ್ನು ಬಿಡಿ ಎಂದು ನಾನು ಎಂದಿಗೂ ಹೇಳುವುದಿಲ್ಲ. ಫೈಲಿಗೆ ಚಿಕ್ಕ ಕನ್ನಡ ಹೆಸರನ್ನಿಟ್ಟು, ಉಳಿದ ವಿವರಗಳನ್ನು ಫೋಲ್ಡರಿನ ಹೆಸರಿಗೆ ಸೇರಿಸಿದರೆ ಸಾಕು.

ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ವಿವರಣ ಚಿಹ್ನೆ, ಓರೆಗೆರೆ ಇದ್ದರೂ ವಿಂಡೋಸ್ ಒಪ್ಪುವುದಿಲ್ಲ. ಸಮಯವನ್ನು 10:30 ಎಂದು ಬರೆಯುವ ಬದಲು 10-30 ಎಂದು ಬರೆಯಿರಿ. ಇನ್ನು ಹಳೆಯ ಎಂಪಿ3ಗಳಲ್ಲಿ ಹಾಡಿನ ಹೆಸರು ಅರ್ಥವಾಗದ ಲ್ಯಾಟಿನ್ ಅಕ್ಷರಗಳ ಗೋಜಲಾಗಿ ಕಂಡರೆ, ಅದನ್ನು ಯೂನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿರುವ ಸಾಧ್ಯತೆಯಿದೆ. ಧ್ವನಿಗೆ ಅದರಿಂದ ಯಾವ ಕೇಡೂ ಇಲ್ಲ. ಆ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ತುಂಬಿಸಬಹುದು.

ಮೆಮೊರಿ ಕಾರ್ಡಿನ ಮೇಲೆ ಅನುಮಾನ

ಒಂದೇ ಕಾರ್ಡಿನ ಹಲವು ಫೈಲುಗಳು, ಅದರಲ್ಲಿಯೂ ಇತ್ತೀಚಿನವು, ಒಟ್ಟಿಗೆ ತೆರೆಯದಾದಾಗ ಕಾರ್ಡನ್ನೇ ಶಂಕಿಸಬೇಕು. ನಕಲಿ ಕಾರ್ಡುಗಳು ತಮ್ಮ ಸಾಮರ್ಥ್ಯ 128 ಜಿಬಿ ಎಂದು ಹೇಳಿಕೊಂಡು ಅದರ ಸಣ್ಣ ಭಾಗವನ್ನಷ್ಟೇ ಹೊಂದಿರುತ್ತವೆ. ಆ ಭಾಗ ತುಂಬಿದ ಮೇಲೂ ಫೈಲಿನ ಹೆಸರು ಮತ್ತು ಗಾತ್ರ ಸರಿಯಾಗಿಯೇ ದಾಖಲಾಗುತ್ತವೆ, ಒಳಗಿನ ಧ್ವನಿ ಮಾತ್ರ ಎಲ್ಲಿಯೂ ಉಳಿಯುವುದಿಲ್ಲ. ಇದನ್ನು ಪತ್ತೆ ಮಾಡಲು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಉಪಕರಣಗಳಿವೆ. ಅವು ಕಾರ್ಡಿನ ತುಂಬ ಬರೆದು, ಓದಿ, ತಾಳೆ ನೋಡುತ್ತವೆ. ಹಾಗಾಗಿ ಎಲ್ಲವನ್ನೂ ಬೇರೆಡೆಗೆ ಸಾಗಿಸಿದ ನಂತರವೇ ಪರೀಕ್ಷಿಸಿ. ಹೊಸ ಕಾರ್ಡ್ ಕೊಂಡವರು ಮದುವೆಯ ಹಾಡನ್ನೋ ಹಿರಿಯರ ಮಾತನ್ನೋ ಅದರಲ್ಲಿ ತುಂಬುವ ಮೊದಲು ಈ ಪರೀಕ್ಷೆಯನ್ನು ಮಾಡಲೇಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ನಿಜಕ್ಕೂ ಹಾಳಾದ ಫೈಲಿನಿಂದ ಧ್ವನಿಯನ್ನು ತೆಗೆಯುವುದು

ಈಗ ಸೋಬಾನೆಯ ಫೈಲಿಗೆ ಬರುತ್ತೇನೆ. ಸಾಮಾನ್ಯ ಡಬ್ಲ್ಯೂಎವಿ ಫೈಲಿನ ಮೊದಲ 44 ಬೈಟುಗಳು ಒಂದು ತಲೆಬರಹ. ಎಷ್ಟು ಚಾನೆಲ್, ಸೆಕೆಂಡಿಗೆ ಎಷ್ಟು ಮಾದರಿ, ಒಟ್ಟು ಎಷ್ಟು ಬೈಟ್ ಧ್ವನಿ ಎಂಬ ವಿವರಗಳು ಅಲ್ಲಿರುತ್ತವೆ. ಒಟ್ಟು ಎಷ್ಟು ಎಂಬುದು ರೆಕಾರ್ಡಿಂಗ್ ಮುಗಿಯುವವರೆಗೆ ಗೊತ್ತಾಗದ ಕಾರಣ, ಆ್ಯಪ್ ಅಲ್ಲಿ ಸೊನ್ನೆ ಬರೆದಿಟ್ಟು, ನೀವು ನಿಲ್ಲಿಸಿದಾಗ ಹಿಂದಿರುಗಿ ಬಂದು ತುಂಬಿಸುತ್ತದೆ. ಬ್ಯಾಟರಿ ಮುಗಿದಾಗ ಆ ಕೊನೆಯ ಕೆಲಸ ಆಗಲಿಲ್ಲ. ಸೊನ್ನೆಯನ್ನು ಓದಿದ ಪ್ಲೇಯರ್ ಒಳಗೇನೂ ಇಲ್ಲ ಎಂದು ನಂಬಿತು.

ಇಂಥ ಫೈಲನ್ನು ಆಡಾಸಿಟಿಯಲ್ಲಿ ಮಾಮೂಲಿನಂತೆ ತೆರೆಯದೆ, ‘ಇಂಪೋರ್ಟ್’ ಪಟ್ಟಿಯ ‘ರಾ ಡೇಟಾ’ ಎಂಬ ಆಯ್ಕೆಯ ಮೂಲಕ ತೆರೆಯಬೇಕು. ಆಗ ತಲೆಬರಹವನ್ನು ನಂಬದೆ, ವಿವರಗಳನ್ನು ಅದು ನಿಮ್ಮಿಂದಲೇ ಕೇಳುತ್ತದೆ. 16 ಬಿಟ್ ಪಿಸಿಎಂ (ಕುಗ್ಗಿಸದ ಧ್ವನಿ), ಲಿಟಲ್ ಎಂಡಿಯನ್ (ಬೈಟುಗಳನ್ನು ಜೋಡಿಸುವ ಕ್ರಮ), ಚಾನೆಲ್ ಒಂದು, ಆರಂಭದಲ್ಲಿ ಬಿಡಬೇಕಾದ್ದು 44 ಬೈಟ್, ಮಾದರಿ ದರ 44,100 ಎಂದು ಕೊಟ್ಟೆ. ಇವು ತಿಳಿಯದಿದ್ದರೆ ಅದೇ ಫೋನಿನಲ್ಲಿ ಅದೇ ಆ್ಯಪ್‌ನಿಂದ ಒಂದು ನಿಮಿಷ ಹೊಸದಾಗಿ ರೆಕಾರ್ಡ್ ಮಾಡಿ, ಆ ಫೈಲನ್ನು ಮೀಡಿಯಾಇನ್ಫೊದಲ್ಲಿ ನೋಡಿ ತಿಳಿದುಕೊಳ್ಳಬಹುದು. ಮೊದಲ ಸಲ ನುಡಿಸುವಾಗ ಇಯರ್‌ಫೋನ್ ತೆಗೆದು, ವಾಲ್ಯೂಮ್ ಪೂರ್ತಿ ತಗ್ಗಿಸಿಕೊಳ್ಳಿ. ವಿವರ ತಪ್ಪಾಗಿದ್ದರೆ ಕಿವಿಗೆ ಅಪಾಯವಾಗುವಷ್ಟು ಜೋರಾದ ಗದ್ದಲ ಬರಬಹುದು. ಗದ್ದಲವೇ ಬಂದರೆ ಬಿಟ್ ಅಥವಾ ಎಂಡಿಯನ್ ಆಯ್ಕೆಯನ್ನು ಬದಲಿಸಿ. ಮಾತು ಅವಸರದಲ್ಲೋ ಎಳೆದಂತೆಯೋ ಕೇಳಿದರೆ ದರ ಅಥವಾ ಚಾನೆಲ್ ಸಂಖ್ಯೆ ತಪ್ಪಿದೆ: 8,000ದ ಫೈಲನ್ನು 16,000 ಎಂದು ತೆರೆದರೆ ಮಾತು ಎರಡು ಪಟ್ಟು ವೇಗವಾಗುತ್ತದೆ. ಎಷ್ಟು ಸಲ ಬೇಕಾದರೂ ತೆರೆದು ನೋಡಬಹುದು, ಮೂಲಕ್ಕೆ ಹಾನಿಯಿಲ್ಲ. ಸರಿಯಾದ ಮೇಲೆ ಹೊಸ ಡಬ್ಲ್ಯೂಎವಿಯಾಗಿ ಉಳಿಸಿದೆ. ಅತ್ತೆಯ ಧ್ವನಿ ಮೊದಲ ಪದದಿಂದ, ಫೋನ್ ಆರಿದಾಗ ಅರ್ಧಕ್ಕೆ ನಿಂತ ಸಾಲಿನವರೆಗೆ, ಸಿಕ್ಕಿತು.

ಎಂ4ಎ ಫೈಲಿಗೆ ಇದೇ ಅಪಘಾತವಾದರೆ ಕೆಲಸ ಕಷ್ಟ. ಅದರಲ್ಲಿ ಧ್ವನಿಯ ತುಣುಕುಗಳು ಎಲ್ಲೆಲ್ಲಿ ಆರಂಭವಾಗುತ್ತವೆ ಎಂಬ ಸೂಚಿಯನ್ನು ರೆಕಾರ್ಡರ್ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಸೂಚಿಯಿಲ್ಲದೆ ಉಳಿದ ಧ್ವನಿ ಪುಟಸಂಖ್ಯೆ ಹರಿದುಹೋದ ಹಾಳೆಗಳ ಕಂತೆಯಂತೆ. ಅನ್‌ಟ್ರಂಕ್ ಎಂಬ ಮುಕ್ತ ತಂತ್ರಾಂಶ, ಅದೇ ಫೋನಿನ ಅದೇ ಆ್ಯಪ್‌ನಿಂದ ಅದೇ ಸೆಟ್ಟಿಂಗಿನಲ್ಲಿ ಮಾಡಿದ ಸರಿಯಾದ ಫೈಲೊಂದನ್ನು ಮಾದರಿಯಾಗಿ ಕೊಟ್ಟರೆ, ಆ ಸೂಚಿಯನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ. ಪ್ರತಿ ಸಲವೂ ಫಲಿಸುವುದಿಲ್ಲ. ಎಂಪಿ3 ಈ ವಿಷಯದಲ್ಲಿ ಗಟ್ಟಿಮುಟ್ಟು: ಅದು ತಲಾ 1,152 ಮಾದರಿಗಳ ಸಣ್ಣ ಚೌಕಟ್ಟುಗಳ ಸಾಲು, ಪ್ರತಿ ಚೌಕಟ್ಟಿಗೂ ತನ್ನದೇ ತಲೆಬರಹವಿದೆ. ನಡುವೆ ಕೆಲವು ಹಾಳಾದರೂ ಒಂದು ‘ಟಕ್’ ಎಂಬ ಸದ್ದಿನೊಂದಿಗೆ ಪ್ಲೇಯರ್ ಮುಂದೆ ಸಾಗುತ್ತದೆ. ದೀರ್ಘ ತಾಳಮದ್ದಳೆಯನ್ನೋ ಉಪನ್ಯಾಸವನ್ನೋ ಹಳೆಯ ಫೋನಿನಲ್ಲಿ ದಾಖಲಿಸುವವರು, ಆ್ಯಪ್‌ನಲ್ಲಿ ಆಯ್ಕೆಯಿದ್ದರೆ, ಎಂ4ಎಗಿಂತ ಡಬ್ಲ್ಯೂಎವಿ ಅಥವಾ ಎಂಪಿ3 ಆರಿಸಿಕೊಳ್ಳಲಿ ಎಂದು ನಾನು ಹೇಳುವುದು ಈ ಕಾರಣಕ್ಕೇ. ಡಬ್ಲ್ಯೂಎವಿ ಫೈಲ್ 4 ಜಿಬಿಯನ್ನು ಮೀರಲಾರದು, ಆದ್ದರಿಂದ ಇಡೀ ರಾತ್ರಿಯ ಪ್ರದರ್ಶನವನ್ನು ತುಂಡು ತುಂಡಾಗಿ ದಾಖಲಿಸಿಕೊಳ್ಳಿ.

ಇಷ್ಟಾದರೂ ಆಗದಿದ್ದರೆ ಮೂಲ ಫೈಲನ್ನು ಹಾಗೆಯೇ ಇಟ್ಟು, ಅದರ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದಿಡಿ: ಯಾವ ಫೋನ್, ಯಾವ ರೆಕಾರ್ಡರ್ ಆ್ಯಪ್, ಎಷ್ಟು ಹೊತ್ತಿನ ಧ್ವನಿ, ಏನಾದಾಗ ನಿಂತಿತು. ಬಲ್ಲವರಿಗೆ ತೋರಿಸುವಾಗ ಫೈಲಿನಷ್ಟೇ ಈ ಟಿಪ್ಪಣಿಯೂ ಬೇಕಾಗುತ್ತದೆ. ಮನೆಯವರ ಖಾಸಗಿ ಮಾತುಗಳಿರುವ ಫೈಲನ್ನು, ಉಚಿತವಾಗಿ ರಿಪೇರಿ ಮಾಡುತ್ತೇವೆ ಎನ್ನುವ ಅಪರಿಚಿತ ಜಾಲತಾಣಗಳಿಗೆ ಏರಿಸಬೇಡಿ. ಧ್ವನಿ ಸಿಕ್ಕಿದ್ದರೆ, ಹೊಸ ಫೈಲನ್ನು ಆರಂಭದಿಂದ ಕೊನೆಯವರೆಗೆ ಒಮ್ಮೆ ಕುಳಿತು ಕೇಳಿ, ಎರಡು ಬೇರೆ ಬೇರೆ ಸಾಧನಗಳಲ್ಲಿ ಇರಿಸಿದ ನಂತರವೇ ಫೋನಿನಲ್ಲಿರುವ ಹಳೆಯದನ್ನು ತೆಗೆಯಿರಿ.